ಹಂಪಿ ತೇರಿಗೆ ನೀರು, ನೆರಳು, ಹಗ್ಗ: ಒಂದು ದೇಣಿಗೆ ಮನವಿ

ವಿರೂಪಾಕ್ಷನ ಭಕ್ತರಿಗೂ ಹಂಪಿಯನ್ನು ಪ್ರೀತಿಸುವ ಎಲ್ಲರಿಗೂ ನಮಸ್ಕಾರ.

ಚೈತ್ರ ಹುಣ್ಣಿಮೆ ಹತ್ತಿರ ಬಂತು. ಮಾರ್ಗಶಿರದ ಫಲಪೂಜೆಯಲ್ಲಿ ವಿರೂಪಾಕ್ಷನಿಗೂ ಪಂಪಾಂಬಿಕೆಗೂ ನಿಶ್ಚಿತಾರ್ಥ ಮುಗಿದಿದೆ. ಇನ್ನು ಮದುವೆ, ಅದರ ಹಿಂದೆಯೇ ಜೋಡಿ ತೇರು. ಹೊಸಪೇಟೆ, ಕಂಪ್ಲಿ, ಗಂಗಾವತಿ, ಕೊಪ್ಪಳ, ಬಳ್ಳಾರಿ ಕಡೆಯಿಂದ ಜನ ಬಸ್ಸು ಹತ್ತಿ, ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಾರೆ. ಹರಕೆ ಹೊತ್ತವರು ನಡೆದೇ ಬರುತ್ತಾರೆ. ತೇರು ಎಳೆಯುವ ಹೊತ್ತಿಗೆ ಗುಡಿಯ ಎದುರಿನ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಆ ದಿನಗಳಿಗೆ ಬೇಕಾದ ನೀರು, ನೆರಳು, ತಡೆಹಗ್ಗ, ಅಡುಗೆ ಚಪ್ಪರ ಇವುಗಳಿಗಾಗಿ ನಿಮ್ಮ ಮುಂದೆ ಕೈಚಾಚುತ್ತಿದ್ದೇವೆ. ನಮ್ಮದು ಇಲ್ಲಿನ ಒಂದು ಸಣ್ಣ ಸೇವಾ ಬಳಗ. ಪೂಜೆ, ಉತ್ಸವ ಎಲ್ಲವೂ ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನದ ಆಡಳಿತದ್ದು. ಕಲ್ಲಿನ ಕಟ್ಟಡಗಳ ಹೊಣೆ ಭಾರತೀಯ ಪುರಾತತ್ವ ಇಲಾಖೆಯದು. ಜನರನ್ನು ನಿಭಾಯಿಸುವುದು ಪೊಲೀಸರ ಕೆಲಸ. ಇವರು ಹೇಳಿದ ಕಡೆ ನಿಂತು ಕೈಜೋಡಿಸುವುದಷ್ಟೇ ನಮ್ಮ ಪಾಲಿನದು. ಆದರೆ ಆ ಕೆಲಸಕ್ಕೂ ಸಾಮಾನು ಬೇಕು, ಸಾಮಾನಿಗೆ ದುಡ್ಡು ಬೇಕು.

ಪ್ರತಿ ವರ್ಷ ಜಾತ್ರೆ ಬಂದಾಗ ಎರಡು ಮಾತು ಕೇಳಿಬರುತ್ತವೆ. ಇಷ್ಟು ಜನರನ್ನು ಸ್ಮಾರಕದೊಳಗೆ ಬಿಟ್ಟರೆ ಕಲ್ಲು ಉಳಿಯುತ್ತದಾ ಅಂತ ಕೆಲವರು ಕೇಳುತ್ತಾರೆ. ನಮ್ಮ ದೇವರ ತೇರಿಗೆ ಇಷ್ಟೊಂದು ನಿಯಮ ಯಾಕೆ ಅಂತ ಇನ್ನು ಕೆಲವರು ಸಿಟ್ಟಾಗುತ್ತಾರೆ. ಇಬ್ಬರ ಕಾಳಜಿಯೂ ನಿಜವೇ. ಆದರೆ ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕು ಅನ್ನುವುದನ್ನು ನಾವು ಒಪ್ಪುವುದಿಲ್ಲ. ಮನೆಯಲ್ಲಿ ಮದುವೆ ಇದ್ದಾಗ ತೊಂಬತ್ತು ದಾಟಿದ ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವಾ? ಕೈಹಿಡಿದು ಕರೆದುಕೊಂಡು ಹೋಗುತ್ತೇವೆ, ನೂಕಾಟದಿಂದ ದೂರ ಕೂರಿಸುತ್ತೇವೆ, ಒಬ್ಬರು ಪಕ್ಕದಲ್ಲೇ ಇರುತ್ತೇವೆ. ಹಂಪಿಗೂ ಇದೇ ಆಗಬೇಕು.

1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರ ಪಟ್ಟಣ ಹಾಳಾಯಿತು. ಅರಮನೆಗಳು ಹೋದವು. ವಿಠ್ಠಲನ ಗುಡಿಯಲ್ಲಿ ಪೂಜೆ ನಿಂತಿತು. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ದೀಪ ಆರಲಿಲ್ಲ. ಇಂದಿಗೂ ಅಲ್ಲಿ ಗಂಟೆ ಬಾರಿಸುತ್ತದೆ, ಮದುವೆ ನಡೆಯುತ್ತದೆ, ತೇರು ಹೊರಡುತ್ತದೆ. ಈ ರಥಬೀದಿಯನ್ನು ಕಟ್ಟಿದ್ದೇ ಜಾತ್ರೆಗೆ ಬರುವ ಜನರಿಗಾಗಿ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಗುಡಿಯ ಎದುರಿನ ಈ ಚೆಂದದ ಬೀದಿಯ ಬಗ್ಗೆ ಬರೆದಿದ್ದಾನೆ. ಯಾತ್ರೆಗೆ ಬಂದವರು ಇಲ್ಲಿನ ಸಾಲು ಮಂಟಪಗಳಲ್ಲಿ ತಂಗುತ್ತಾರೆ ಅಂತಲೂ ಹೇಳಿದ್ದಾನೆ. ಹಾಗಾಗಿ ಜಾತ್ರೆಗೆ ಬರುವ ಜನ ಈ ಜಾಗಕ್ಕೆ ಹೊರಗಿನವರಲ್ಲ. ಇದು ಅವರದೇ ಬೀದಿ.

ಆದರೆ ಬೀದಿಗೆ ಈಗ ಐನೂರು ವರ್ಷ. ಇದನ್ನೂ ಮರೆಯುವ ಹಾಗಿಲ್ಲ.

ಕಲ್ಲಿಗೇನು ಆಗುತ್ತದೆ, ಗಟ್ಟಿ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಲು ಮಂಟಪಗಳನ್ನು ಕಟ್ಟಿರುವ ರೀತಿ ನೋಡಿದರೆ ಹಾಗೆ ಅನ್ನಲು ಆಗುವುದಿಲ್ಲ. ನಿಲ್ಲಿಸಿದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲ. ತೂಕದ ಮೇಲೆಯೇ ಎಲ್ಲವೂ ನಿಂತಿದೆ. ಬುಡದಲ್ಲಿ ಮಣ್ಣು ಸ್ವಲ್ಪ ಕುಸಿದರೂ ಕಂಬ ವಾಲುತ್ತದೆ, ಕಂಬ ವಾಲಿದರೆ ಮೇಲಿನ ತೊಲೆಗೆ ಹಿಡಿತ ತಪ್ಪುತ್ತದೆ. 2024ರ ಮೇ ತಿಂಗಳಲ್ಲಿ ಮಳೆ ಜೋರಾಗಿ ಸುರಿದಾಗ ರಥಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿದು ಬಿದ್ದದ್ದು ನಿಮಗೂ ನೆನಪಿರಬಹುದು. ಅಂಥ ಮಂಟಪದ ಮೇಲೆ ತೇರು ನೋಡಲು ನೂರಾರು ಜನ ಹತ್ತಿ ನಿಂತರೆ? ಕಂಬಕ್ಕೆ ಹಗ್ಗ ಕಟ್ಟಿ ಶಾಮಿಯಾನ ಎಳೆದರೆ? ಕಲ್ಲಿಗೂ ಅಪಾಯ, ಕೆಳಗೆ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೂ ಅಪಾಯ.

ಹೀಗಾಗಿ ನಮ್ಮ ಮೊದಲ ಖರ್ಚು ತಡೆಗಳದ್ದು. ನೆಲ ಅಗೆದು ಗೂಟ ಹೊಡೆಯುವುದು, ಕಲ್ಲಿಗೆ ಮೊಳೆ ಹೊಡೆಯುವುದು, ತೂತು ಕೊರೆಯುವುದು ಯಾವುದೂ ಇಲ್ಲಿ ನಡೆಯಬಾರದು. ತಮ್ಮಷ್ಟಕ್ಕೆ ತಾವೇ ನಿಲ್ಲುವ ಕಬ್ಬಿಣದ ಬ್ಯಾರಿಕೇಡ್‌ಗಳು ಬೇಕು. ಬುಡಕ್ಕೆ ಭಾರವಾಗಿ ಮರಳು ಮೂಟೆ ಬೇಕು. ಕಂಬಗಳಿಂದ ಮಾರು ದೂರದಲ್ಲಿ ಸಾಲಾಗಿ ಇಟ್ಟು, ನಡುವೆ ದಪ್ಪ ಹಗ್ಗ ಹಾಯಿಸಿ, ಅಲ್ಲಲ್ಲಿ ಒಬ್ಬೊಬ್ಬ ಸ್ವಯಂಸೇವಕ ನಿಂತರೆ ಸಾಕು. ಜನ ಬೈದು ಹೇಳಿದರೆ ಕೇಳುವುದಿಲ್ಲ, "ಯಜಮಾನ್ರೇ, ಆ ಕಂಬ ಸಡಿಲ ಐತಿ, ಈ ಕಡಿ ಬರ್ರಿ" ಅಂದರೆ ಕೇಳುತ್ತಾರೆ. ಇದನ್ನು ನಾವು ಕಣ್ಣಾರೆ ನೋಡಿದ್ದೇವೆ. ಬಾಡಿಗೆಗೆ ಸಿಗುವ ಬ್ಯಾರಿಕೇಡ್‌ಗಳು ಜಾತ್ರೆ ಸಮಯದಲ್ಲಿ ದುಬಾರಿ. ಸ್ವಂತದ್ದು ಮಾಡಿಸಿಟ್ಟುಕೊಂಡರೆ ಫಲಪೂಜೆಗೂ ಬರುತ್ತವೆ, ಮುಂದಿನ ವರ್ಷದ ತೇರಿಗೂ ಬರುತ್ತವೆ.

ಇನ್ನು ಬೆಂಕಿ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ದೂರದಿಂದ ಬಂದ ಕುಟುಂಬಗಳು ರಾತ್ರಿ ಉಳಿಯುತ್ತವೆ. ಮೂರು ಕಲ್ಲು ಇಟ್ಟು ಒಲೆ ಹೂಡಿ, ಅನ್ನ ಸಾರು ಮಾಡಿ, ದೇವರಿಗೆ ಎಡೆ ಹಿಡಿದು ಉಣ್ಣುತ್ತವೆ. ಅದು ಜಾತ್ರೆಯ ಸೊಗಸು, ಅದನ್ನು ತಪ್ಪು ಅನ್ನಲು ನಮಗೆ ಮನಸ್ಸಿಲ್ಲ. ಆದರೆ ಒಲೆ ಮಂಟಪದೊಳಗೆ ಬಂದರೆ ಕಷ್ಟ. ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಕಲ್ಲುಗಣಿಗಳಲ್ಲಿ ಬಂಡೆಯ ಮೇಲೆ ಬೆಂಕಿ ಹಾಕಿಯೇ ಪದರ ಪದರವಾಗಿ ಕಲ್ಲು ಎಬ್ಬಿಸುತ್ತಿದ್ದರು. ಕಾವಿಗೆ ಗ್ರಾನೈಟ್ ಹಿಗ್ಗುತ್ತದೆ. ಮೇಲಿನ ಪದರ ಜಾಸ್ತಿ ಹಿಗ್ಗಿ ಒಳಗಿನದು ಹಿಗ್ಗದಿದ್ದಾಗ ಸಿಪ್ಪೆ ಎದ್ದ ಹಾಗೆ ಬಿಟ್ಟುಕೊಳ್ಳುತ್ತದೆ. ಗಣಿಯಲ್ಲಿ ಬೇಕೆಂದು ಮಾಡಿದ ಕೆಲಸವನ್ನು ನಾವು ಶಿಲ್ಪದ ಬುಡದಲ್ಲಿ ಗೊತ್ತಿಲ್ಲದೆ ಮಾಡುತ್ತಿದ್ದೇವೆ. ಕಂಬದ ಬುಡದಲ್ಲಿ ಕರ್ಪೂರ ಹಚ್ಚುವುದೂ ಇದೇ ಸಾಲಿಗೆ ಸೇರುತ್ತದೆ. ಹೊಗೆಯದು ಇನ್ನೊಂದು ಕಥೆ. ಗುಡಿಯ ರಂಗಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ, ಅಲ್ಲೇ 1510ರ ಶಾಸನ ನಿಂತಿದೆ. ಅದರ ಚಾವಣಿ ತುಂಬ ಬಣ್ಣದ ಚಿತ್ರಗಳು. ಪಲ್ಲಕ್ಕಿಯಲ್ಲಿ ಹೊರಟ ವಿದ್ಯಾರಣ್ಯರು, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಶಿವನ ಮೇಲೆ ಬಾಣ ಹೂಡಿದ ಮನ್ಮಥ, ಗಿರಿಜಾ ಕಲ್ಯಾಣ. ಮದುವೆಗೆ ಬಂದವರು ತಲೆ ಎತ್ತಿದರೆ ಅಲ್ಲೂ ಮದುವೆಯೇ! ಗಾರೆಯ ಮೇಲಿನ ಬಣ್ಣಕ್ಕೆ ಹೊಗೆ, ಎಣ್ಣೆಯ ಜಿಡ್ಡು ಕೂತರೆ ಅದನ್ನು ತೆಗೆಯುವುದು ಬಹಳ ಕಷ್ಟ.

ಸ್ಮಾರಕದೊಳಗೆ ಅಡುಗೆ ಮಾಡಬಾರದು ಅಂತ ಪುರಾತನ ಸ್ಮಾರಕಗಳ 1959ರ ನಿಯಮಗಳಲ್ಲೇ ಇದೆ. ಕಲ್ಲಿಗೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಮಕ್ಕಳು ಹಸಿದಾಗ ಕಾನೂನು ಓದಿ ಹೇಳಿದರೆ ಏನು ಪ್ರಯೋಜನ? ಇಲ್ಲಿ ಬೇಡ ಅನ್ನುವ ಮೊದಲು ಅಲ್ಲಿ ಮಾಡಿ ಅಂತ ಒಂದು ಜಾಗ ತೋರಿಸಬೇಕು, ಅಲ್ವಾ? ಅದಕ್ಕೇ ಸ್ಮಾರಕಗಳಿಂದ ದೂರದಲ್ಲಿ, ಅಧಿಕಾರಿಗಳು ತೋರಿಸಿದ ಬಯಲಿನಲ್ಲಿ ತಗಡಿನ ಅಡುಗೆ ಚಪ್ಪರ ಹಾಕಬೇಕು ಅಂತಿದ್ದೇವೆ. ಸಾಲಾಗಿ ಒಲೆ, ಪಕ್ಕದಲ್ಲಿ ನೀರಿನ ಟ್ಯಾಂಕ್, ಪಾತ್ರೆ ತೊಳೆಯಲು ಕಟ್ಟೆ, ರಾತ್ರಿ ದೀಪ. ಅಡುಗೆ ಮಾಡಿಕೊಳ್ಳಲು ಆಗದವರಿಗೆ ಚಿತ್ರಾನ್ನ, ಮೊಸರನ್ನದ ದಾಸೋಹ. ಈ ಬಾರಿಯ ಅತಿ ದೊಡ್ಡ ಖರ್ಚು ಇದೇ. ನಮ್ಮ ಮಟ್ಟಿಗೆ ಅತಿ ಮುಖ್ಯವಾದದ್ದೂ ಇದೇ.

ಬಿಸಿಲಿನ ಬಗ್ಗೆ ಈ ಕಡೆಯವರಿಗೆ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಹಂಪಿಯ ಬಂಡೆಗಳು ಸಂಜೆಯಾದರೂ ಕಾವು ಬಿಡುವುದಿಲ್ಲ. ಬರಿಗಾಲಲ್ಲಿ ಸಾಲಿನಲ್ಲಿ ನಿಂತ ವಯಸ್ಸಾದವರು ತಲೆಸುತ್ತಿ ಕೂತುಬಿಡುತ್ತಾರೆ. ಗುಡಿಯ ಸಾಲು ಸಾಗುವ ದಾರಿಯಲ್ಲಿ ಗುಡಾರದ ನೆರಳು, ಕಾಲಡಿಗೆ ಒದ್ದೆ ಗೋಣಿತಾಟು, ಬೀದಿಯ ಎರಡೂ ಕಡೆ ಅರವಟಿಗೆ ಇಡುತ್ತೇವೆ. ಮಜ್ಜಿಗೆ, ಬೆಲ್ಲದ ಪಾನಕ, ಕುಡಿಯುವ ನೀರು. ಪ್ಲಾಸ್ಟಿಕ್ ಲೋಟ ಬೇಡ ಅಂತ ತೀರ್ಮಾನ ಮಾಡಿದ್ದೇವೆ, ಸ್ಟೀಲ್ ಲೋಟ ಬೇಕು, ತೊಳೆಯಲು ಆಳು ಬೇಕು. ತೇರಿನ ಮೇಲೆ ಎಸೆದ ಬಾಳೆಹಣ್ಣು, ಉತ್ತತ್ತಿ ನೆಲಕ್ಕೆ ಬಿದ್ದು ತುಳಿತಕ್ಕೆ ಸಿಕ್ಕರೆ ಕಲ್ಲುಹಾಸು ಜಾರುತ್ತದೆ. ತೇರು ಮುಂದೆ ಹೋದ ಹಾಗೆ ಹಿಂದಿನಿಂದ ಗುಡಿಸುತ್ತಾ ಹೋಗುವ ಒಂದು ತಂಡವೂ ಇರಬೇಕು.

ಗುಡಿಯೊಳಗಿನ ನೂಕುನುಗ್ಗಲಿಗೆ ನಮ್ಮದೊಂದು ಸಲಹೆ ಇದೆ. ಬಹುತೇಕ ಜನ ಪೂರ್ವದ ದೊಡ್ಡ ಗೋಪುರದಿಂದಲೇ ಒಳಗೆ ಬಂದು ಅಲ್ಲಿಂದಲೇ ಹೊರಗೆ ಹೋಗುತ್ತಾರೆ. ಎರಡೂ ಕಡೆಯ ಜನ ಬಾಗಿಲಲ್ಲಿ ಎದುರುಬದುರಾಗುತ್ತಾರೆ. ದರ್ಶನ ಆದವರು ಉತ್ತರದ ಕನಕಗಿರಿ ಗೋಪುರದಿಂದ ಮನ್ಮಥ ಹೊಂಡದ ಕಡೆ ಇಳಿದರೆ ಸಾಲು ಸರಾಗವಾಗಿ ಸಾಗುತ್ತದೆ. ತೀರ್ಮಾನ ಪೊಲೀಸರು ಮತ್ತು ದೇವಸ್ಥಾನದವರದು. ಅವರು ಹೂಂ ಅಂದರೆ ಬಾಣದ ಗುರುತಿನ ಬೋರ್ಡು, ಮೈಕು, ದಾರಿ ತೋರಿಸುವ ಹುಡುಗರು ನಮ್ಮ ಕಡೆಯಿಂದ ಸಿದ್ಧ. ಬೋರ್ಡುಗಳೂ ಸ್ಟ್ಯಾಂಡಿನ ಮೇಲೆಯೇ, ಗೋಡೆಗೆ ಅಂಟಿಸುವುದಿಲ್ಲ.

ಹೊಳೆಯ ಕಡೆಗೂ ಕಣ್ಣಿಡಬೇಕು. ಸ್ನಾನ ಮಾಡದೆ ದರ್ಶನಕ್ಕೆ ಹೋಗುವವರು ಕಡಿಮೆ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಚಕ್ರತೀರ್ಥದ ಹತ್ತಿರ ಸುಳಿ ಇದೆ. ಸ್ನಾನಘಟ್ಟದಲ್ಲಿ ಹಗ್ಗ ಕಟ್ಟಿ ಗಡಿ ಗುರುತು ಮಾಡಲು, ಈಜು ಬಲ್ಲ ಅಂಬಿಗರನ್ನು ಹರಿಗೋಲು ಸಮೇತ ಆ ದಿನಗಳಿಗೆ ನಿಲ್ಲಿಸಲು ಹಣ ತೆಗೆದಿಡುತ್ತೇವೆ. ಅವರಿಗೆ ದಿನದ ಕೂಲಿ ಸರಿಯಾಗಿ ಕೊಡಬೇಕು. ಸೇವೆ ಅನ್ನುವ ಹೆಸರಿನಲ್ಲಿ ಬಡವರ ದುಡಿಮೆಯನ್ನು ಸುಮ್ನೆ ತೆಗೆದುಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ.

ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹೋಗಿ, 2006ರಲ್ಲಿ ಅದರಿಂದ ಹೊರಬಂತು. 2011ರಲ್ಲಿ ಸಾಲು ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದಾಗ ಇಲ್ಲಿನ ಎಷ್ಟೋ ಕುಟುಂಬಗಳು ನೆಲೆ ಬಿಟ್ಟವು. ಈ ಕಲ್ಲುಗಳಿಗಾಗಿ ಸ್ಥಳೀಯರು ಕೊಟ್ಟದ್ದು ಕಡಿಮೆ ಏನಲ್ಲ. ವರ್ಷಕ್ಕೊಮ್ಮೆ ಬರುವ ತೇರನ್ನು ಅವರು ನೆಮ್ಮದಿಯಿಂದ ಎಳೆಯುವ ಹಾಗಾಗಬೇಕು, ಮರುದಿನ ಯಾವ ಕಂಬಕ್ಕೂ ಗಾಯ ಆಗಿರಬಾರದು. ಈ ಆಸೆಯಿಂದಲೇ ನಿಮ್ಮನ್ನು ಕೇಳುತ್ತಿದ್ದೇವೆ.

ಎಷ್ಟು ಕೊಡಬೇಕು ಅಂತ ಕೇಳಿದರೆ, ಕೈಲಾದಷ್ಟು. ನೂರು ರೂಪಾಯಿಗೂ ರಸೀದಿ ಇದೆ. ಮನೆಯವರ ಹೆಸರಿನಲ್ಲಿ ಒಂದು ದಿನದ ಅರವಟಿಗೆ ನಡೆಸುತ್ತೇವೆ ಅನ್ನುವವರು ಇದ್ದಾರೆ, ಗೆಳೆಯರ ಗುಂಪು ಸೇರಿ ಒಂದಷ್ಟು ಬ್ಯಾರಿಕೇಡ್ ಮಾಡಿಸಿಕೊಡಬಹುದು. ವಸ್ತು ರೂಪದಲ್ಲೂ ಕೊಡಿ: ಅಕ್ಕಿ, ಬೆಲ್ಲ, ಸ್ಟೀಲ್ ಲೋಟ, ಗೋಣಿಚೀಲ, ನೂಲಿನ ಹಗ್ಗ, ಖಾಲಿ ನೀರಿನ ಡ್ರಮ್ಮು. ಟ್ಯಾಂಕರ್, ಜನರೇಟರ್ ಇರುವವರು ಆ ದಿನಗಳ ಮಟ್ಟಿಗೆ ಎರವಲು ಕೊಟ್ಟರೂ ದೊಡ್ಡ ಉಪಕಾರ. ಒಂದು ವಿನಂತಿ, ಕೊಟ್ಟವರ ಹೆಸರಿನ ಫ್ಲೆಕ್ಸನ್ನು ಸ್ಮಾರಕದ ಹತ್ತಿರ ಕಟ್ಟಲು ಆಗುವುದಿಲ್ಲ. ಹೆಸರುಗಳನ್ನು ಅಡುಗೆ ಚಪ್ಪರದ ಫಲಕದಲ್ಲಿ ಬರೆಯುತ್ತೇವೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಹೊರದೇಶದಲ್ಲಿರುವ ಕನ್ನಡಿಗರು ಗಮನಿಸಿ. ಭಾರತದ ಪೌರರಾಗಿದ್ದು ಅಲ್ಲಿ ಕೆಲಸದಲ್ಲಿರುವವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು, ಜೊತೆಗೆ ಪಾಸ್‌ಪೋರ್ಟ್ ಪ್ರತಿ ಇರಲಿ. ಬೇರೆ ದೇಶದ ಪೌರತ್ವ ಪಡೆದವರ ಹಣವನ್ನು ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದ ನಮ್ಮಂಥ ಬಳಗ ತೆಗೆದುಕೊಳ್ಳುವ ಹಾಗಿಲ್ಲ. ನೀವು ರಜೆ ಹಾಕಿ ತೇರಿಗೆ ಬಂದು ಅರವಟಿಗೆಯಲ್ಲಿ ನಿಂತು ಮಜ್ಜಿಗೆ ಹಂಚಿದರೆ ಅದೇ ನಮಗೆ ದೊಡ್ಡದು.

ಯುಗಾದಿ ಪಾಡ್ಯದಿಂದ ಹುಣ್ಣಿಮೆಗೆ ಹದಿನೈದೇ ದಿನ. ಬ್ಯಾರಿಕೇಡ್ ಬೆಸುಗೆಗೆ, ಚಪ್ಪರದ ತಗಡಿಗೆ ಮುಂಗಡ ಕೊಡಬೇಕಾಗಿರುವುದರಿಂದ ದೇಣಿಗೆಯನ್ನು ಯುಗಾದಿಯೊಳಗೆ ತಲುಪಿಸಿ. ನಗದು ಕೊಡುವವರು ಬಳಗದ ಮುದ್ರೆ ಇರುವ ರಸೀದಿ ಕೇಳಿ ಪಡೆಯಿರಿ, ರಸೀದಿ ಇಲ್ಲದೆ ಯಾರ ಕೈಗೂ ಹಣ ಕೊಡಬೇಡಿ. ತೇರು ಮುಗಿದು ತಿಂಗಳೊಳಗೆ ಜಮಾ-ಖರ್ಚಿನ ಪಟ್ಟಿಯನ್ನು ಎಲ್ಲ ದಾನಿಗಳಿಗೂ ಕಳಿಸುತ್ತೇವೆ. ಉಳಿದ ಹಣ ಮಾರ್ಗಶಿರದ ಫಲಪೂಜೆಯ ನೀರಿನ ವ್ಯವಸ್ಥೆಗೆ ಹೋಗುತ್ತದೆ. ಸ್ವಯಂಸೇವಕರಾಗಿ ಬರುವವರು ಹದಿನೆಂಟು ದಾಟಿದವರಾಗಿರಲಿ, ಟೋಪಿ, ನೀರಿನ ಬಾಟಲಿ ತರಲಿ. ತೇರಿನ ಹಿಂದಿನ ದಿನ ಮಧ್ಯಾಹ್ನ ರಥಬೀದಿಯ ಪೂರ್ವ ತುದಿಯಲ್ಲಿರುವ ಎದುರು ಬಸವಣ್ಣನ ಹತ್ತಿರ ಎಲ್ಲರೂ ಸೇರುತ್ತೇವೆ, ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅಲ್ಲೇ ಹಂಚುತ್ತೇವೆ.