ಹಾಡಿಯ ರೋಗಿಗೂ ದೂರು ಹೇಳುವ ದಾರಿ ಇರಲಿ

ಮಾನ್ಯ ಸಂಪಾದಕರೇ,

ವಿರಾಜಪೇಟೆ ಸಮೀಪದ ಕಾಫಿ ತೋಟವೊಂದರಲ್ಲಿ ಮೂವತ್ತೊಂದು ವರ್ಷ ರೈಟರ್ (ಗುಮಾಸ್ತ) ಆಗಿದ್ದು ನಿವೃತ್ತನಾದ ನಾನು, ಕೆಲಸದವರ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದರ ಜೊತೆಗೆ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಯವರಿಗೆ ಪಡಿತರ ಚೀಟಿಯ ಅರ್ಜಿಯಿಂದ ಹಿಡಿದು ಆಸ್ಪತ್ರೆಯ ದೂರಿನವರೆಗೆ ಎಲ್ಲವನ್ನೂ ಬರೆದುಕೊಡುತ್ತ ಬಂದವನು. ಹಾಗೆ ಬರೆದ ದೂರೊಂದು ಕಳೆದ ಮಳೆಗಾಲದಲ್ಲಿ ಏನಾಯಿತೆಂಬುದನ್ನು ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ತೋಟದ ಕಾಡು (ಕಳೆ) ಕಡಿಯುವಾಗ ಕತ್ತಿ ತಾಗಿ ಪಾದ ಸೀಳಿಕೊಂಡಿದ್ದ, ಅರವತ್ತು ದಾಟಿದ ಎರವ ಬುಡಕಟ್ಟು ಸಮುದಾಯದ ಹೆಂಗಸೊಬ್ಬರು ಹಳೆಯ ಸೀರೆಯ ತುಂಡನ್ನು ಗಾಯಕ್ಕೆ ಸುತ್ತಿ, ಅದರ ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕಟ್ಟಿಕೊಂಡು, ಮಗಳ ಹೆಗಲು ಹಿಡಿದು ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋದರು. ಡ್ರೆಸ್ಸಿಂಗ್ ಮಾಡುವವರಿಲ್ಲ, ನಾಳೆ ಬನ್ನಿ ಎಂದು ಮೊದಲ ದಿನ ಕಳುಹಿಸಿದರು. ಮರುದಿನ ಬಸ್ಸು ತಡವಾಗಿ ಬಂದದ್ದರಿಂದ ಹೊರರೋಗಿಗಳ ಹೊತ್ತು ಮೀರಿತು ಎಂದರು. ಮೂರನೆಯ ದಿನ ನಾನೇ ಜೊತೆಗೆ ಹೋದಾಗ ಗಾಯ ಕೀವುಗಟ್ಟಿತ್ತು. ಇಷ್ಟು ದಿನ ಎಲ್ಲಿದ್ದೆ ಎಂದು ಗದರಿಸಿದ್ದು ಆಕೆಯನ್ನೇ. ತಾಯಿ ಮಗಳು ಇಬ್ಬರ ಮೂರು ದಿನದ ಕೂಲಿಯೂ ಹೋಯಿತು.

ಆ ಆಸ್ಪತ್ರೆಯಲ್ಲಿ ದೂರು ಪೆಟ್ಟಿಗೆ ಇದೆ. ಅದನ್ನು ವೈದ್ಯಾಧಿಕಾರಿಗಳ ಕೊಠಡಿಯ ಬಾಗಿಲಿಗೆ ತಾಗಿದ ಗೋಡೆಗೆ ಹೊಡೆದಿದ್ದಾರೆ. ಬೀಗ ತುಕ್ಕು ಹಿಡಿದಿದೆ, ಚೀಟಿ ಹಾಕುವ ಸೀಳಿಗೆ ಜೇಡ ಬಲೆ ಕಟ್ಟಿದೆ. ಸಿಬ್ಬಂದಿಯೆಲ್ಲರ ಕಣ್ಣೆದುರಿನಲ್ಲಿ ಅದಕ್ಕೆ ಚೀಟಿ ಹಾಕುವ ಧೈರ್ಯ ಓದು ಬರುವ ನನಗೇ ಬರಲಿಲ್ಲ. ಆಕೆ ಹೇಳಿದ್ದನ್ನು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಮೇಲಿನ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದೆ. ಆಕೆಗೆ ಫೋನಿಲ್ಲದ ಕಾರಣ ತೋಟದ ಮೇಸ್ತ್ರಿಯ ನಂಬರ್ ಕೊಟ್ಟಿದ್ದೆ. ಕೆಲವು ವಾರಗಳ ನಂತರ ಅದೇ ನಂಬರಿಗೆ ಕರೆ ಬಂತು. ‘ಈಗ ಏನೂ ತೊಂದರೆ ಇಲ್ಲ’ ಎಂದು ಮೇಸ್ತ್ರಿ ಹೇಳಿದರು, ದೂರು ಅಲ್ಲಿಗೆ ಮುಗಿಯಿತು. ಮೇಸ್ತ್ರಿಯನ್ನು ನಾನು ದೂರುವುದಿಲ್ಲ. ಜ್ವರ ಬಂದ ಕೆಲಸದವರನ್ನು ಅವರು ಮುಂದಿನ ವಾರ ಕರೆದೊಯ್ಯಬೇಕಾಗಿದ್ದುದು ಅದೇ ಆಸ್ಪತ್ರೆಗೆ. ಹತ್ತಿರದಲ್ಲಿ ಬೇರೊಂದಿಲ್ಲ.

ಕಾನೂನಿನ ಕೊರತೆ ಇದೆಯೆಂದು ಹೇಳಲಾಗದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ ರೋಗಿಗಳ ಹಕ್ಕುಗಳ ಸನ್ನದೂ ಬಂದಿವೆ. ಆದರೆ ಹೆಸರೇ ಹೇಳುವಂತೆ ಅದು ಖಾಸಗಿ ಆಸ್ಪತ್ರೆಗಳಿಗೆ ಸಂಬಂಧಿಸಿದ್ದು. ಗ್ರಾಹಕ ಆಯೋಗಕ್ಕೆ ಹೋಗೋಣವೆಂದರೆ, ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಣ ಕೊಡಲಾಗದೆ ಸರ್ಕಾರಿ ಆಸ್ಪತ್ರೆಯನ್ನೇ ನಂಬಿದವರಿಗೆ ಹೀಗೆ ಎರಡು ಬಾಗಿಲುಗಳು ಮೊದಲೇ ಮುಚ್ಚಿವೆ. ಉಳಿದ 104 (ಆರೋಗ್ಯ), 1902 (ಸಾರ್ವಜನಿಕ ಕುಂದುಕೊರತೆ) ಸಹಾಯವಾಣಿಗಳನ್ನು ಬಳಸಬೇಕಾದರೆ ಕೈಯಲ್ಲಿ ಫೋನಿರಬೇಕು, ನೆಟ್‌ವರ್ಕ್ ಸಿಗಬೇಕು, ನಡೆದದ್ದನ್ನು ಕನ್ನಡದಲ್ಲಿ ಅಧಿಕಾರಿಗೆ ಅರ್ಥವಾಗುವಂತೆ ಹೇಳಲು ಬರಬೇಕು. ತಿತಿಮತಿ, ಬಾಳೆಲೆ, ಕುಟ್ಟ ಕಡೆಯ ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ವಸತಿಗಳಲ್ಲಿ, ಇವು ಮೂರೂ ಒಟ್ಟಿಗೆ ಕೂಡಿಬರುವ ಮನೆಗಳೆಷ್ಟು? ಅಸ್ಸಾಂನಿಂದ ತೋಟಗಳಿಗೆ ಬಂದಿರುವ ಕುಟುಂಬಗಳ ಕಷ್ಟವಂತೂ ಇನ್ನೂ ಹೆಚ್ಚು.

ಆಶಾ ಕಾರ್ಯಕರ್ತೆಯರ ಮೂಲಕ ದೂರು ಪಡೆಯಬಹುದೆಂದು ಕೆಲವರು ಹೇಳುತ್ತಾರೆ. ನನಗದು ಸರಿಯೆನಿಸುವುದಿಲ್ಲ. ಆಕೆ ಅದೇ ಆಸ್ಪತ್ರೆಯವರ ಜೊತೆ ದಿನವೂ ಕೆಲಸ ಮಾಡಬೇಕಾದವಳು. ಆಕೆಯ ತಲೆಯ ಮೇಲೆ ಈ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ. ಆದರೆ ಜನರಿಗೆ ಕಾನೂನು ನೆರವು ತಲುಪಿಸಲು ತರಬೇತಿ ಪಡೆದ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರು ಆಸ್ಪತ್ರೆಗೆ ಸೇರಿದವರಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಿಗೆ ಮತ್ತು ಮಹಿಳೆಯರಿಗೆ ಉಚಿತ ನೆರವು ಪಡೆಯುವ ಹಕ್ಕೂ ಇದೆ. ತಿಂಗಳಿಗೊಮ್ಮೆ, ತೋಟದ ಕೆಲಸ ಬಿಟ್ಟ ಮೇಲೆ ಸಂಜೆಯ ಹೊತ್ತಿಗೆ, ಅವರು ಹಾಡಿ ಮತ್ತು ಲೈನ್‌ಮನೆಗಳಿಗೆ ಬಂದು ಬಾಯಿಮಾತಿನ ದೂರನ್ನು ಬರೆದುಕೊಳ್ಳಲಿ, ಎರವ ಅಥವಾ ಕುರುಬರ ಮಾತು ಬಲ್ಲವರಿಂದ ಅದನ್ನು ಓದಿ ಹೇಳಿಸಲಿ, ಸ್ವೀಕೃತಿ ಚೀಟಿ ಕೊಡಲಿ. ದೂರುದಾರರ ಹೆಸರು ಆಸ್ಪತ್ರೆಗೆ ತಿಳಿಯದಂತೆ ವಿಚಾರಣೆ ಆರಂಭವಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾರದೋ ಫೋನಿಗೆ ಕರೆ ಮಾಡಿ ದೂರು ಮುಗಿಸುವ ಪದ್ಧತಿ ನಿಲ್ಲಬೇಕು. ನೊಂದವರನ್ನೇ ಕಂಡು, ಅವರ ಮಾತು ಕೇಳಿದ ಮೇಲಷ್ಟೇ ಕಡತ ಮುಚ್ಚಬೇಕು.

ಇದು ವೈದ್ಯರ ಮತ್ತು ದಾದಿಯರ ವಿರುದ್ಧದ ಪತ್ರವಲ್ಲ. ಡ್ರೆಸ್ಸಿಂಗ್ ಮಾಡುವವರಿಲ್ಲ ಎಂದದ್ದು ನಿಜವೇ ಇದ್ದಿರಬಹುದು. ಹಾಗಿದ್ದರೆ ಆ ಹುದ್ದೆ ತುಂಬಬೇಕೆಂದು ಮೇಲಿನವರಿಗೆ ತಿಳಿಸಲು ಆ ದೂರೇ ಸಾಕಾಗುತ್ತಿತ್ತು.

ಮುಂದಿನ ಮಳೆಗಾಲ ಹಿಡಿಯುವ ಮೊದಲು ಪೊನ್ನಂಪೇಟೆ ತಾಲ್ಲೂಕಿನ ಕೆಲವು ಹಾಡಿಗಳಲ್ಲಾದರೂ ಇದನ್ನು ಆರಂಭಿಸಬೇಕೆಂದು ಮಾನ್ಯ ಜಿಲ್ಲಾಧಿಕಾರಿಗಳನ್ನು ಮತ್ತು ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೋರುತ್ತೇನೆ. ಬರೆದುಕೊಳ್ಳಲು ಜನ ಸಾಲದಿದ್ದರೆ ನಾನೂ ಬರಲು ಸಿದ್ಧನಿದ್ದೇನೆ.

– ನಿವೃತ್ತ ತೋಟದ ರೈಟರ್, ವಿರಾಜಪೇಟೆ ತಾಲ್ಲೂಕು, ಕೊಡಗು