ಒಂದು ಆಗಮನದಿಂದ ಇನ್ನೊಂದು ಆಗಮನದವರೆಗೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ.

ಮೊನ್ನೆ, 2025ರ ನವೆಂಬರ್ 30ರ ಭಾನುವಾರ, ನಮ್ಮ ಯಜಮಾನರು ತಮ್ಮ ಕಾಲ ಮೇಲೆ ನಡೆದು ಚರ್ಚಿಗೆ ಬಂದರು. ಕೈಯಲ್ಲಿ ಒಂದು ಕೋಲು ಇತ್ತು, ಅಷ್ಟೇ. ಆರಾಧನೆ ಮುಗಿದ ಮೇಲೆ ನಾಲ್ಕು ಮಾತು ಆಡಮ್ಮ ಅಂತ ನಮ್ಮ ಸಭೆಯ ಪಾದ್ರಿ ಅಯ್ಯನವರು ಮೈಕ್ ಕೊಟ್ಟರು. ನನಗೆ ಗಂಟಲು ಕಟ್ಟಿ ಒಂದು ಮಾತೂ ಬರಲಿಲ್ಲ. ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಳ್ಳಾರಿಯ ನಮ್ಮ ಸಭೆಯವರೂ ನಮ್ಮ ಓಣಿಯವರೂ ಓದಬೇಕು ಅಂತ ನನ್ನ ಆಸೆ.

ಹೋದ ವರ್ಷ ಡಿಸೆಂಬರ್ 1ಕ್ಕೆ ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಕಾಯುವ ವಾರಗಳ, ಮೊದಲ ಭಾನುವಾರ ಬಂದಿತ್ತು. ಇಬ್ಬರೂ ಚರ್ಚಿಗೆ ಹೋಗಿ ಬಂದೆವು. ಮಂಗಳವಾರ ರಾತ್ರಿ ಕುಡತಿನಿ ಹತ್ತಿರ ಅವರ ಲಾರಿಗೆ ಅಪಘಾತವಾಯಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಆಯಿತು. ಕೀವು ತುಂಬಿತು. ಮತ್ತೆ ಆಪರೇಷನ್. ಕಾಲಿನ ಹೊರಗಡೆ ಕಬ್ಬಿಣದ ರಾಡು, ನಟ್ಟು, ಬೋಲ್ಟು ಹಾಕಿ ಕಳಿಸಿದರು. ಆರು ತಿಂಗಳು ಆ ಕಾಲು ನೆಲಕ್ಕೆ ಊರುವ ಹಾಗಿಲ್ಲ ಅಂದರು. ಮನೆಗೆ ಉಳಿದದ್ದು ನನ್ನ ಜೀನ್ಸ್ ಹೊಲಿಗೆಯ ದುಡ್ಡು ಮಾತ್ರ. ಅದೂ ಪೀಸ್ ಲೆಕ್ಕ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಡಿಸೆಂಬರ್‌ನಲ್ಲಿ ನಾನು ಪ್ರಾರ್ಥನೆ ಮಾಡಲಿಲ್ಲ. ಮಾಡಲು ಆಗಲಿಲ್ಲ. ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದವಳು ನಾನು. ಆದರೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಾಗ ಸ್ತೋತ್ರ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ.

ನಮ್ಮ ಯೌವನಸ್ಥರ ಕ್ಯಾರಲ್ ಗುಂಪು ಯಾವಾಗಿನ ಹಾಗೆ ನಮ್ಮ ಓಣಿಗೆ ಬಂದಿತ್ತಂತೆ. ಮನೆಗೆ ಬೀಗ. ಆ ಹುಡುಗರು ಬೀಗ ಹಾಕಿದ ಬಾಗಿಲ ಮುಂದೆಯೇ ನಿಂತು ಎರಡು ಹಾಡು ಹಾಡಿ ಹೋದರಂತೆ. ಪಕ್ಕದ ಮನೆ ಖಾಲಾ ಇದನ್ನು ಫೋನಿನಲ್ಲಿ ಹೇಳಿದರು. ಮರುದಿನ ಸಂಜೆ ಅದೇ ಮಕ್ಕಳು ಆಸ್ಪತ್ರೆಗೆ ಬಂದರು. ಡ್ರಮ್ಮು, ಗಿಟಾರು ತಂದಿರಲಿಲ್ಲ. ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತು ಮೆಲ್ಲಗೆ, ಪೇಷಂಟುಗಳಿಗೆ ತೊಂದರೆ ಆಗದ ಹಾಗೆ ಹಾಡಿದರು. ಯಜಮಾನರು ಮೇಲೆ ಕಿಟಕಿ ಪಕ್ಕ ಮಲಗಿದ್ದರು. ಅವರ ತುಟಿ ಆಡುತ್ತಿತ್ತು. ಮಕ್ಕಳೇ, ನೀವು ಆ ಸಂಜೆ ನಮ್ಮ ಪರವಾಗಿ ಕ್ರಿಸ್ಮಸ್ ಮಾಡಿದಿರಿ. ನಮ್ಮ ಕೈಲಿ ಆಗದ್ದನ್ನು ನೀವು ಮಾಡಿದಿರಿ.

ಅಯ್ಯನವರು ವಾರ್ಡಿಗೆ ಬಂದಾಗ ಉದ್ದದ ಪ್ರಾರ್ಥನೆ ಮಾಡಲಿಲ್ಲ. ಸುಮ್ನೆ ಕೂತು, ನಮ್ಮ ಊರಿನ ಕಥೆಯೊಂದು ಹೇಳಿದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಪೂರ್ತಿ ಕನ್ನಡ ಬೈಬಲ್ ಅಚ್ಚಾಗಿ ಕೈಗೆ ಬಂದದ್ದು 1831ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ! "ಆಗಮನ ಕಾಲ ಅಂದರೆ ಕಾಯುವ ಕಾಲ ಅಲ್ವಾಮ್ಮಾ, ನಮ್ಮ ಊರಿಗೆ ಕಾದು ಗೊತ್ತು" ಅಂದರು. ಅಷ್ಟು ಹೇಳಿ ತಲೆದಿಂಬಿನ ಪಕ್ಕ ಒಂದು ಬೈಬಲ್ ಇಟ್ಟು ಹೋದರು. ಅದನ್ನು ನಾನು ತೆಗೆದು ಓದಿದ್ದು ಜನವರಿಯಲ್ಲಿ. ಅಷ್ಟು ದಿನ ಅದು ಅಲ್ಲೇ ಇತ್ತು. ಓದಿದೆಯಾ ಅಂತ ಅವರು ಒಂದು ಸಲವೂ ಕೇಳಲಿಲ್ಲ. ಅದಕ್ಕೂ ವಂದನೆ ಅಯ್ಯನವರೇ.

ಮನೆಗೆ ಬಂದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ರಾಡು ಇರುವ ಕಾಲಿಗೆ ಪ್ಯಾಂಟು ಏರುವುದಿಲ್ಲ. ಲುಂಗಿ ಉಟ್ಟರೆ ನಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಒಂದು ರಾತ್ರಿ ಕೂತು, ಉಳಿದ ಬಟ್ಟೆಯಲ್ಲಿ ಅವರಿಗೊಂದು ಜೀನ್ಸ್ ಹೊಲಿದೆ. ಬಲಗಾಲಿಗೆ ಸೊಂಟದಿಂದ ಪಾದದವರೆಗೆ ಜಿಪ್ಪು. ಪೂರ್ತಿ ಬಿಚ್ಚಿ ಕಾಲು ಒಳಗಿಟ್ಟು ಮತ್ತೆ ಎಳೆಯಬಹುದು. ಅದನ್ನು ಹಾಕಿಕೊಂಡ ದಿನ ಅವರು ಕನ್ನಡಿ ತರಲು ಹೇಳಿದರು. ಅಪಘಾತ ಆದ ಮೇಲೆ ಅದೇ ಮೊದಲು.

ಆ ಸಲ ಮಾರ್ಚ್ 2ಕ್ಕೆ ರಂಜಾನ್ ಉಪವಾಸ ಶುರುವಾಯಿತು, 5ಕ್ಕೆ ನಮ್ಮ ಬೂದಿ ಬುಧವಾರ. ಅವತ್ತಿನಿಂದ ಈಸ್ಟರ್‌ವರೆಗಿನ ನಮ್ಮ ಶ್ರಮೆಯ ಕಾಲದಲ್ಲಿ ಭಾನುವಾರ ಬಿಟ್ಟು ನಲವತ್ತು ದಿನ ಲೆಕ್ಕ. ಒಂದೇ ಗೋಡೆಯ ಈ ಕಡೆ ಉಪವಾಸ, ಆ ಕಡೆ ಉಪವಾಸ. ಸಂಜೆ ಆಜಾನ್ ಆದ ಕೂಡಲೇ ಖಾಲಾ ನಮ್ಮ ಬಾಗಿಲಿಗೆ ಒಂದು ತಟ್ಟೆ ಕಳಿಸುತ್ತಿದ್ದರು. ಖರ್ಜೂರ, ಕಲ್ಲಂಗಡಿ ಹಣ್ಣು, ಒಂದು ಲೋಟ ಗಂಜಿ. ಒಂದು ದಿನವೂ ತಪ್ಪಲಿಲ್ಲ. ಖಾಲಾ, ನಿಮ್ಮ ತಟ್ಟೆ ಖಾಲಿ ವಾಪಸ್ ಕಳಿಸಿದ ದಿನಗಳೇ ಜಾಸ್ತಿ. ನನ್ನನ್ನು ಕ್ಷಮಿಸಿ.

ಈಗ ಪವಿತ್ರ ಗುರುವಾರದ ಮಾತು. ಏಪ್ರಿಲ್ 17. ಕರ್ತನು ಕಡೆಯ ಊಟದ ರಾತ್ರಿ ಶಿಷ್ಯರ ಕಾಲು ತೊಳೆದದ್ದನ್ನು ಆ ದಿನ ಚರ್ಚಿನಲ್ಲಿ ನೆನೆಯುತ್ತೇವೆ. ಅಯ್ಯನವರು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಈ ಸಲ ಅಲ್ಲಿ ಹನ್ನೊಂದೇ ಜನರನ್ನು ಕೂರಿಸಿ, ಆರಾಧನೆ ಮುಗಿಸಿ, ರಾತ್ರಿ ಒಂಬತ್ತಕ್ಕೆ ನಮ್ಮ ಮನೆಗೆ ಬಂದರು. ಹೆಗಲ ಮೇಲೆ ಟವಲು ಹಾಗೇ ಇತ್ತು. "ಹನ್ನೆರಡನೆಯವರು ಇಲ್ಲಿದ್ದಾರಲ್ಲ" ಅಂದರು.

ಯಜಮಾನರು ಕಾಲು ಎಳೆದುಕೊಂಡರು. "ಬೇಡ ಅಯ್ಯನವರೇ, ವಾಸನೆ ಬರುತ್ತದೆ, ನೀವು ಮುಟ್ಟಬಾರದು." ಕರ್ತನು ಕಾಲು ತೊಳೆಯಲು ಬಂದಾಗ ಶಿಷ್ಯನಾದ ಪೇತ್ರನೂ ಹೀಗೇ ಬೇಡ ಅಂದಿದ್ದ. ಅದನ್ನು ಸಂಡೇ ಸ್ಕೂಲಿನಿಂದ ಕೇಳಿದ್ದೇನೆ. ಪೇತ್ರನ ನಾಚಿಕೆ ಎಂಥದ್ದು ಅಂತ ಅವತ್ತು ನನ್ನ ಗಂಡನ ಮುಖದಲ್ಲಿ ನೋಡಿದೆ. ನಲ್ಲಿ ನೀರು ಬಂದು ಎಂಟು ದಿನ ಆಗಿತ್ತು. ಖಾಲಾ ಮನೆಯಿಂದ ಒಂದು ಕೊಡ ನೀರು ತಂದೆ. ಗಾಯಕ್ಕೆ ನೀರು ತಾಗಬಾರದು, ಅದಕ್ಕೆ ಅಯ್ಯನವರು ಬಟ್ಟೆ ಅದ್ದಿ ಹಿಂಡಿ ಒಂದೊಂದೇ ಬೆರಳು ಒರೆಸಿದರು. ಹೆಬ್ಬೆರಳ ಉಗುರು ಕಪ್ಪಾಗಿತ್ತು. ಬಟ್ಟೆ ಎತ್ತಿದರೆ ನೀಲಿ! ನಾನು ಹೊಲಿದ ಜೀನ್ಸ್ ವಾಶಿಂಗ್‌ಗೆ ಹೋಗಿರಲಿಲ್ಲ, ಬೆವರಿಗೆ ಬಣ್ಣ ಬಿಟ್ಟು ಪಾದಕ್ಕೆ ಹತ್ತಿತ್ತು. ತೊಟ್ಟಿಯ ನೀರೂ ನೀಲಿ, ಅಯ್ಯನವರ ಕೈಯೂ ನೀಲಿ. ವರ್ಷಗಟ್ಟಲೆ ನನ್ನ ಬೆರಳಿಗೆ ಹತ್ತಿರುವ ಅದೇ ಬಣ್ಣ. ನಾನು ತೊಟ್ಟಿ ಹಿಡಿದುಕೊಂಡೇ ಅತ್ತೆ. ಎಷ್ಟೋ ತಿಂಗಳ ಮೇಲೆ ನನ್ನ ಪ್ರಾರ್ಥನೆ ಅಲ್ಲಿಂದ ಮತ್ತೆ ಶುರುವಾಯಿತು.

ಮರುದಿನ ಶುಭ ಶುಕ್ರವಾರ ಅಯ್ಯನವರು ಕರ್ತನು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪ್ರಸಂಗ ಮಾಡುವಾಗ ಅವರ ಉಗುರಿನ ಸಂದಿಯಲ್ಲಿ ಆ ನೀಲಿ ಇನ್ನೂ ಇತ್ತಂತೆ. ಮಹಿಳಾ ಕೂಟದ ಅಕ್ಕ ಹೇಳಿದರು. ಈಸ್ಟರ್ ಬೆಳಗಿನ ಜಾವ "ನೀನಾದರೂ ಹೋಗಿ ಬಾ" ಅಂತ ಯಜಮಾನರೇ ನನ್ನನ್ನು ಕಳಿಸಿದರು.

ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪೆಂತೆಕೋಸ್ತು ಹಬ್ಬ ಜೂನ್ 8ಕ್ಕೆ ಬಂತು. ಅದೇ ತಿಂಗಳು ರಾಡು ತೆಗೆದರು. ಅಲ್ಲಿಂದ ಮುಂದೆ ಚರ್ಚಿನಲ್ಲಿ ಹಸಿರು ಬಟ್ಟೆ ಹಾಕುವ ಕಾಲ. ದೊಡ್ಡ ಹಬ್ಬ ಇಲ್ಲ. ಸುಮಾರು ಅರ್ಧ ವರ್ಷ, ಒಂದೊಂದೇ ಭಾನುವಾರ. ನಿಜ ಹೇಳುತ್ತೇನೆ, ನಮಗೆ ಇದೇ ಎಲ್ಲಕ್ಕಿಂತ ಕಷ್ಟದ ಕಾಲ. ಅಪಘಾತ ಹಳೆಯದಾಗಿತ್ತು. ಬರುವವರು ಕಡಿಮೆಯಾದರು. ಅದು ಸಹಜ, ಎಲ್ಲರಿಗೂ ಅವರವರ ಮನೆ ಇದೆ, ಯಾರ ಮೇಲೂ ಬೇಸರ ಇಲ್ಲ. ಆದರೆ ದಿನಾ ಬೆಳಿಗ್ಗೆ, ಸಂಜೆ ಮೊಣಕಾಲು ಮಡಚುವ ವ್ಯಾಯಾಮ ಇತ್ತು. ಇವತ್ತು ನಾಲ್ಕು ಸಲ, ನಾಳೆ ಐದು. ಅವರು ನೋವಿಗೆ ಕೂಗುತ್ತಿದ್ದರು, ನಾನು ಎಣಿಸುತ್ತಿದ್ದೆ. ಶಿಷ್ಯ ಅಂದರೆ ಕಲಿಯುವವನು ಅಂತ ಪ್ರಸಂಗದಲ್ಲಿ ಎಷ್ಟು ಸಲ ಕೇಳಿಲ್ಲ! ಐವತ್ತು ವರ್ಷದ ಗಂಡಸು ಗೋಡೆ ಹಿಡಿದು ಹೆಜ್ಜೆ ಕಲಿಯುವುದನ್ನು ನೋಡಿದ ಮೇಲೆ ಆ ಮಾತು ನನಗೆ ಬೇರೆಯಾಗಿ ಕೇಳಿಸುತ್ತದೆ.

ಆ ಹಸಿರು ಕಾಲದಲ್ಲಿ ಪ್ರತಿ ಮಂಗಳವಾರ ಬಂದವರು ಮಹಿಳಾ ಕೂಟದ ಆ ಹಿರಿಯ ಅಕ್ಕ. ಹೆಸರು ಹಾಕಬೇಡ ಅಂತ ಕೈ ಹಿಡಿದು ಹೇಳಿದ್ದಾರೆ, ಹಾಕುವುದಿಲ್ಲ. ಕಣ್ಣಿಗೆ ದಪ್ಪ ಕನ್ನಡಕ. ಬಂದು ಚಾಪೆ ಮೇಲೆ ಕೂತು ನಾನು ಹೊಲಿದ ಪ್ಯಾಂಟುಗಳ ದಾರ ಕಟ್ ಮಾಡುತ್ತಿದ್ದರು. ಒಂದೊಂದು ಜೇಬು ತಿರುಗಿಸಿ, ಬೆರಳಿಂದ ತಡವಿ, ಉಳಿದ ದಾರ ಹುಡುಕಿ ಕತ್ತರಿಸುವರು. ಮಧ್ಯಾಹ್ನದವರೆಗೆ ಮೂವತ್ತು, ಮೂವತ್ತೈದು ಪೀಸ್. ಹೋಗುವಾಗ ಎರಡೇ ಮಾತಿನ ಪ್ರಾರ್ಥನೆ. ನಾನು ದುಡ್ಡು ಕೊಡಲು ಹೋದರೆ ಸಿಟ್ಟಾಗುವರು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ನಮ್ಮ ಹಿತ್ತಿಲ ಒಂದು ಸೋರೆಕಾಯಿಯನ್ನು ದೊಡ್ಡ ದುಡ್ಡಿಗೆ ಕೂಗಿ ತೆಗೆದುಕೊಂಡವರೂ ಅವರೇ. ಅಕ್ಕಾ, ನಿಮ್ಮ ಮಂಗಳವಾರಗಳಿಂದ ನಮ್ಮ ಮನೆ ಬಾಡಿಗೆ ತಪ್ಪಲಿಲ್ಲ. ಇದನ್ನು ಯಾರಾದರೂ ನಿಮಗೆ ಓದಿ ಹೇಳಲಿ.

ಮೊನ್ನೆ ಭಾನುವಾರ ಆಗಮನದ ಮೊದಲ ಮೇಣದಬತ್ತಿ ಹಚ್ಚಲು ಅಯ್ಯನವರು ಯಜಮಾನರನ್ನೇ ಕರೆದರು. ಅವರು ಜಿಪ್ಪಿನ ಜೀನ್ಸೇ ಹಾಕಿಕೊಂಡಿದ್ದರು. ಬೇರೆ ಪ್ಯಾಂಟು ಇದೆ, ಆದರೂ ಅದೇ ಬೇಕು ಅಂದರು. ಕೋಲನ್ನು ನನ್ನ ಕೈಗೆ ಕೊಟ್ಟು ಏಳು ಹೆಜ್ಜೆ ನಡೆದರು. ಕಡ್ಡಿ ಗೀರಿದರು, ಫ್ಯಾನ್ ಗಾಳಿಗೆ ಆರಿತು. ಇನ್ನೊಂದು ಗೀರಿದರು, ಅದೂ ಆರಿತು. ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಆ ಕ್ಯಾರಲ್ ಗುಂಪಿನವನೇ, ಓಡಿ ಹೋಗಿ ಫ್ಯಾನ್ ಆಫ್ ಮಾಡಿದ. ಮೂರನೆಯ ಕಡ್ಡಿಗೆ ಬತ್ತಿ ಹತ್ತಿಕೊಂಡಿತು.