ಗೆಳೆಯನಿಗೊಂದು ಪತ್ರ: ನಮ್ಮ ಹೈಸ್ಕೂಲಿನ ರಿಲೇ ಹುಡುಗಿಯರು

ದೋಸ್ತ,

ನಮ್ಮ ಸರಕಾರಿ ಹೈಸ್ಕೂಲಿನಲ್ಲಿ ಈಗಲೂ ಆಟೋಟ ನಡೆಯುತ್ತವಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ನಡೆಯುತ್ತವೆ, ಅದೂ ಜೋರಾಗಿ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟು ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಜೇವರ್ಗಿ ತಾಲೂಕಿನ ಎಷ್ಟೋ ಊರುಗಳಂತೆ ನಮ್ಮಲ್ಲೂ ಎಂಟು, ಒಂಬತ್ತು, ಹತ್ತು, ಮೂರೇ ತರಗತಿ. ಮಕ್ಕಳು ಕಡಿಮೆ. ಖೋ ಖೋಗೆ ಅಂಕಣದಲ್ಲಿ 9 ಮಂದಿ ಬೇಕು, ಕಬಡ್ಡಿಗೆ 7. ಆಗಸ್ಟಿನಲ್ಲಿ ಕ್ರೀಡಾಕೂಟ ಶುರುವಾಗುವ ಹೊತ್ತಿಗೇ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸವೂ ಬರುತ್ತದೆ. ಅರ್ಧ ಟೀಮು ಹೊಲದಲ್ಲಿ! ಹಾಗಾಗಿ ನಮ್ಮ ದೈಹಿಕ ಶಿಕ್ಷಕರು 4x100 ರಿಲೇ ಹಿಡಿದಿದ್ದಾರೆ. ನಾಲ್ಕು ಹುಡುಗಿಯರು ಸಾಕು, ತಲಾ ನೂರು ಮೀಟರ್ ಓಡಿ ಬ್ಯಾಟನ್ ಅನ್ನುವ ಕೋಲನ್ನು ಮುಂದಿನವಳ ಕೈಗೆ ಕೊಡುತ್ತಾರೆ.

ಇದು ಬಹಳ ಒಳ್ಳೆಯ ನಿರ್ಧಾರ ಅಂತ ನನಗನಿಸುತ್ತದೆ. ರಿಲೇಯಲ್ಲಿ ಕಾಲಿನ ವೇಗದಷ್ಟೇ ಕೈಯ ಹೊಂದಾಣಿಕೆಯೂ ಗೆಲ್ಲಿಸುತ್ತದೆ. ಬ್ಯಾಟನ್ ಪಡೆಯುವವಳು ಹಿಂದೆ ನೋಡದೆ ಓಟ ಶುರು ಮಾಡಿರಬೇಕು, ಕೂಗು ಕೇಳಿದೊಡನೆ ಕೈ ಹಿಂದಕ್ಕೆ ಚಾಚಬೇಕು. ಗುರುತು ಹಾಕಿದ 30 ಮೀಟರಿನೊಳಗೆ ಬ್ಯಾಟನ್ ಕೈ ಬದಲಾಗದಿದ್ದರೆ ಇಡೀ ಟೀಮು ಔಟ್. ಇದನ್ನು ಕಲಿಯಲು ದುಡ್ಡು ಬೇಕಿಲ್ಲ. ಬ್ಯಾಟನ್ನಿಗಂತ ನೀರಿನ ಪೈಪನ್ನು ಒಂದಡಿಯಷ್ಟು ಕತ್ತರಿಸಿಕೊಂಡಿದ್ದಾರೆ. ಮಳೆ ಬಂದರೆ ನಮ್ಮ ಎರೆಮಣ್ಣು ಗೊತ್ತಲ್ಲ, ಕಾಲು ಎತ್ತಲು ಬಿಡುವುದಿಲ್ಲ. ಆಗ ವರಾಂಡದ ಪರಸಿ ಕಲ್ಲಿನ ಮೇಲೆ ಸಾಲಾಗಿ ನಿಂತು ಬರೀ ಕೈ ಬದಲಿಸುವುದನ್ನೇ ಮಾಡುತ್ತಾರೆ.

ಟ್ರ್ಯಾಕ್ ಹಾಕುವುದನ್ನು ನೀನು ನೋಡಬೇಕಿತ್ತು. ನಮ್ಮ ಮೈದಾನದಲ್ಲಿ 200 ಮೀಟರಿನ ಸುತ್ತು ಮಾತ್ರ ಹಿಡಿಸುತ್ತದೆ. ಗಣಿತದ ಮೇಡಂ ಹತ್ತನೇ ಕ್ಲಾಸನ್ನು ಹೊರಗೆ ಕರೆತಂದು, ಹಗ್ಗ, ಟೇಪು, ಸುಣ್ಣ ಕೊಟ್ಟರು. ಲೇನಿನ ಅಗಲ 1.22 ಮೀಟರ್. ಒಂದು ಪೂರ್ತಿ ಸುತ್ತಿಗೆ ಪಕ್ಕದ ಹೊರಗಿನ ಲೇನಿನವಳು ಒಳಗಿನವಳಿಗಿಂತ ಎಷ್ಟು ಮುಂದೆ ನಿಲ್ಲಬೇಕು? ಅಗಲವನ್ನು ಎರಡು ಪೈಯಿಂದ ಗುಣಿಸಿದರೆ ಸುಮಾರು 7.67 ಮೀಟರ್. ಮೈದಾನ ಸಣ್ಣದಿರಲಿ ದೊಡ್ಡದಿರಲಿ, ಲೇನ್ ಅಷ್ಟೇ ಅಗಲ ಇದ್ದರೆ ಉತ್ತರ ಅದೇ. ಮಕ್ಕಳು ನಂಬಲಿಲ್ಲ, ಟೇಪು ಹಿಡಿದು ಅಳೆದು ನೋಡಿದರು. ಗಣಿತ ಹೀಗೆ ಕಲಿತರೆ ಯಾರು ಮರೆಯುತ್ತಾರೆ ಹೇಳು?

ಕಳೆದ ಸಲ ತಾಲೂಕಿನಲ್ಲಿ ಗೆದ್ದರು. ಜಿಲ್ಲೆಗೆ ಹೋದರು. ಅಲ್ಲಿ ಅಡಿಯಲ್ಲಿ ಮೊಳೆ ಇರುವ ಸ್ಪೈಕ್ ಶೂ ಹಾಕಿದವರ ಪಕ್ಕದಲ್ಲಿ ನಮ್ಮವರು ಬರಿಗಾಲಲ್ಲಿ ಓಡಿದರು. ಒಂದು ಸಲವೂ ಬ್ಯಾಟನ್ ಬೀಳಲಿಲ್ಲ, ಆದರೂ ವಿಭಾಗ ಮಟ್ಟ ಕೈತಪ್ಪಿತು. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಒಂದು ಮಾತು. ನಿನ್ನ ಓಟದ ಗೆಳೆಯರ ಹತ್ತಿರ ಹಳೇ ಸ್ಪೈಕ್ ಶೂ ಇದ್ದರೆ ಕೇಳು. 4 ಮತ್ತು 5 ನಂಬರ್ ಬೇಕು. ಜೂನಿನೊಳಗೆ ಬಂದರೆ ಒಳ್ಳೆಯದು. ಬರಿಗಾಲಿಗೆ ಒಗ್ಗಿದವರು ದಿಢೀರನೆ ಸ್ಪೈಕ್ ಹಾಕಿ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ರೂಢಿಯಾಗಲು ಸಮಯ ಬೇಕು. ಮುಖ್ಯ ಗುರುಗಳ ಹೆಸರಿಗೇ ಪಾರ್ಸೆಲ್ ಮಾಡು. ಬಸ್ ಸ್ಟ್ಯಾಂಡಿನಿಂದ ನಾನು ತಂದುಕೊಡುತ್ತೇನೆ.

ನಿನ್ನ ದೋಸ್ತ